ಏಳು ಸೀಟಿನ ಗಾಡಿ ನೋಡಲು ಹೊರಟಿದ್ದೀರಾ? ಹಿಂದೆ ಕೂರುವವರನ್ನು ಕರೆದುಕೊಂಡು ಹೋಗಿ

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಮನೆಯಲ್ಲಿ ಏಳು ಜನ. ನಾನು, ಹೆಂಡತಿ, 14 ವರ್ಷದ ಮಗ, 9 ವರ್ಷದ ಮಗಳು, ಅಪ್ಪ, ಅವ್ವ, ಜೊತೆಗೆ ಸೋದರತ್ತೆ. ಅಪ್ಪನಿಗೆ 74, ಮಂಡಿ ನೋವಿದೆ. ತಿಂಗಳಿಗೆ ಎರಡು ಸಲ ಹೊಳಲ್ಕೆರೆ ಕಡೆಯ ನಮ್ಮ ಊರಿಗೆ ಹೋಗುತ್ತೇವೆ, ಒಂದೂಕಾಲು ಗಂಟೆ ದಾರಿ. ವರ್ಷಕ್ಕೊಮ್ಮೆ ಧರ್ಮಸ್ಥಳ, ಎರಡು ಮೂರು ಸಲ ಬೆಂಗಳೂರು. ನನಗೆ ಎಸ್‌ಯುವಿ (ಸಫಾರಿ, ಸ್ಕಾರ್ಪಿಯೋ ಥರದ ಎತ್ತರದ ಗಾಡಿ) ಇಷ್ಟ. ಗೆಳೆಯನ ಜೊತೆ ಹೋಗಿ ನಾಲ್ಕು ಗಾಡಿ ನೋಡಿ ಬಂದೆ. ಎಲ್ಲ ಕಡೆಯೂ ‘ಮೂರನೇ ಸಾಲಿನಲ್ಲಿ ಆರಾಮಾಗಿ ಕೂರಬಹುದು’ ಅಂತಾರೆ. ಬ್ರೋಷರಿನಲ್ಲಿ ಗಾಡಿಯ ಉದ್ದ, ಅಗಲ ಇದೆ. ಮೂರನೇ ಸಾಲಿನ ಜಾಗದ ಲೆಕ್ಕವೇ ಇಲ್ಲ. ಎಸ್‌ಯುವಿ ಮತ್ತು ಎಂಪಿವಿ (ಎರ್ಟಿಗಾ, ಇನ್ನೋವಾ ಥರದ ಜನ ಸಾಗಿಸುವ ಗಾಡಿ) ಎರಡನ್ನೂ ಈ ವಿಷಯದಲ್ಲಿ ಹೇಗೆ ಹೋಲಿಸಿ ನೋಡಬೇಕು?

ಉತ್ತರ: ನೀವು ಗೆಳೆಯನ ಜೊತೆ ಹೋಗಿ ನೋಡಿ ಬಂದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಕೂರುವುದು ಡ್ರೈವರ್ ಸೀಟಿನಲ್ಲಿ. ಗೆಳೆಯರು ಈ ಗಾಡಿಯಲ್ಲಿ ದಿನಾ ಕೂರುವವರಲ್ಲ. ಮೂರನೇ ಸಾಲಿನಲ್ಲಿ ಕೂರಬೇಕಾದ ಇಬ್ಬರು ಆ ಹೊತ್ತಿನಲ್ಲಿ ಮನೆಯಲ್ಲಿದ್ದರು. ಮೊದಲು ಇದನ್ನು ಸರಿ ಮಾಡಿಕೊಳ್ಳಿ.

ನಾನು ದಾವಣಗೆರೆಯಲ್ಲಿ 26 ವರ್ಷದಿಂದ ಗಾಡಿಗಳ ಕುಶನ್ ಕೆಲಸ ಮಾಡುತ್ತಿದ್ದೇನೆ. ಸೀಟು ಬಿಚ್ಚುವುದು, ಫೋಮ್ ಬದಲಿಸುವುದು, ಕವರ್ ಹೊಲಿದು ಮತ್ತೆ ಕೂರಿಸುವುದು. ಕ್ವಾಲಿಸ್ ಕಾಲದಿಂದ ಇವತ್ತಿನ ಗಾಡಿಗಳವರೆಗೆ ಮೂರನೇ ಸಾಲಿನ ಸೀಟುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಆದರೂ ಈ ಪಾಠ ನನಗೆ ಅಂಗಡಿಯಲ್ಲಿ ಸಿಕ್ಕಿದ್ದಲ್ಲ.

ಹತ್ತು ವರ್ಷದ ಹಿಂದಿನ ಮಾತು. ಬಾಡಿಗೆಗೆ ಒಂದು ಎಸ್‌ಯುವಿ ಮಾಡಿಕೊಂಡು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟೆವು. ಮುಂದೆ ನಾನು. ನಡುವೆ ಅಣ್ಣ, ಅತ್ತಿಗೆ, ಅವರ ಮಗ. ಹಿಂದೆ ನಮ್ಮ ಅವ್ವ ಮತ್ತು ನನ್ನ ಹೆಂಡತಿ. ಹಾಗೇ ಕೂರಬೇಕು ಅಂತ ಯಾರೂ ಹೇಳಿರಲಿಲ್ಲ, ಕೂತಿದ್ದು ಹಾಗೆ. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವ್ವ ಇಳಿಯಲಿಲ್ಲ. ‘ನಂಗೇನೂ ಬೇಡ, ನೀವು ಕುಡೀರಿ’ ಅಂದಳು. ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ನಿಂತಾಗ ಅವಳಿಗೆ ಕಾಲು ಚಾಚಲು ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ನಾನೂ ಅಣ್ಣನೂ ಸೇರಿ ಎತ್ತಿ ಇಳಿಸಿದೆವು. ಬೆಳಿಗ್ಗೆಯಿಂದ ಅವಳು ನೀರೇ ಕುಡಿದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನೀರು ಕುಡಿದರೆ ಇಳಿಯಬೇಕಾಗುತ್ತದೆ. ಇಳಿಯಬೇಕಾದರೆ ನಡುವಿನ ಸೀಟಿನವರೆಲ್ಲ ಏಳಬೇಕು. ಯಾರಿಗೂ ತೊಂದರೆ ಬೇಡ ಅಂತ ಸುಮ್ನೆ ಕೂತಿದ್ದಳು.

ಆವತ್ತಿನಿಂದ ಗಿರಾಕಿಗಳು ಏಳು ಸೀಟಿನ ಗಾಡಿ ತಗೋತೀನಿ ಅಂದರೆ ನಾನು ಬೇರೇನೂ ಕೇಳುವುದಿಲ್ಲ. ಹಿಂದೆ ಯಾರು ಕೂರುತ್ತಾರೆ ಅಂತ ಕೇಳುತ್ತೇನೆ.

ಈಗ ಬ್ರೋಷರಿಗೆ ಬರೋಣ. ಅದರಲ್ಲಿ ಎಲ್ಲರೂ ನೋಡುವುದು ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ. ಅದು ಜಾಸ್ತಿ ಇದ್ದರೆ ಒಳಗೆ ಜಾಗ ಜಾಸ್ತಿ ಅಂತ ನಂಬಿಕೆ. ಈ ಅಂಕಿ ನೋಡಿ. ಮಾರುತಿ ಎರ್ಟಿಗಾ 2740 ಮಿಲಿಮೀಟರ್. ಟಾಟಾ ಸಫಾರಿ 2741. ಟೊಯೋಟಾ ಫಾರ್ಚೂನರ್ 2745. ಮಹೀಂದ್ರಾ ಸ್ಕಾರ್ಪಿಯೋ-ಎನ್, ಎಕ್ಸ್‌ಯುವಿ700, ಟೊಯೋಟಾ ಇನ್ನೋವಾ ಕ್ರಿಸ್ಟಾ, ಮೂರೂ 2750. ಆರು ಗಾಡಿಗಳ ನಡುವೆ ಇರುವ ವ್ಯತ್ಯಾಸ ಒಂದು ಸೆಂಟಿಮೀಟರ್. ಆದರೆ ಇವುಗಳ ಮೂರನೇ ಸಾಲಿನಲ್ಲಿ ಒಂದೊಂದಾಗಿ ಕೂತು ಬನ್ನಿ. ಕ್ರಿಸ್ಟಾದಲ್ಲಿ ಬೆಂಗಳೂರು ಮುಟ್ಟಬಹುದು. ಕೆಲವುದರಲ್ಲಿ ಹರಿಹರ ದಾಟುವಷ್ಟರಲ್ಲಿ ಯಾವಾಗ ಇಳಿಯುತ್ತೇವೋ ಅನ್ನಿಸುತ್ತದೆ.

ಗಾಡಿಯ ಉದ್ದವನ್ನೂ ನಂಬಬೇಡಿ. ಈಗಿನ ಪೀಳಿಗೆಯ ಎರ್ಟಿಗಾ 2018ರಲ್ಲಿ ಬಂದಾಗ ಅದರ ಉದ್ದ 4395 ಮಿಲಿಮೀಟರ್. ಸಫಾರಿ 4668. ಸಫಾರಿ 27 ಸೆಂಟಿಮೀಟರ್ ಉದ್ದ, ಹತ್ತಿರ 19 ಸೆಂಟಿಮೀಟರ್ ಅಗಲ. ಆದರೆ ಮೂರೂ ಸಾಲಿನಲ್ಲಿ ಜನ ಕೂತಾಗ ಡಿಕ್ಕಿಯಲ್ಲಿ ಉಳಿಯುವ ಜಾಗ ಎರ್ಟಿಗಾದಲ್ಲಿ 209 ಲೀಟರ್, ಸಫಾರಿಯಲ್ಲಿ 73 ಲೀಟರ್. ಹಾಗಾದರೆ ಆ 27 ಸೆಂಟಿಮೀಟರ್ ಎಲ್ಲಿ ಹೋಯಿತು? ಉದ್ದನೆಯ ಬಾನೆಟ್ಟಿಗೆ, ಅದರೊಳಗಿನ ದೊಡ್ಡ ಡೀಸೆಲ್ ಎಂಜಿನ್ನಿಗೆ, ದಪ್ಪ ಸೀಟುಗಳಿಗೆ ಹೋಯಿತು. ಎಂಪಿವಿಯಲ್ಲಿ ಡ್ಯಾಶ್‌ಬೋರ್ಡನ್ನು ಮುಂದಕ್ಕೆ ತಳ್ಳಿ, ಡ್ರೈವರನ್ನು ಕುರ್ಚಿಯಲ್ಲಿ ಕೂರಿಸಿದ ಹಾಗೆ ನೆಟ್ಟಗೆ ಕೂರಿಸುತ್ತಾರೆ. ನೆಟ್ಟಗೆ ಕೂತವನಿಗೆ ಉದ್ದದ ಜಾಗ ಕಡಿಮೆ ಸಾಕು. ಅಲ್ಲಿ ಉಳಿದದ್ದು ಹಿಂದಿನವರಿಗೆ ಸಿಗುತ್ತದೆ.

ಇಷ್ಟು ಹೇಳಿದರೂ ನಿಜವಾದ ವಿಷಯ ಇನ್ನೂ ಬಂದಿಲ್ಲ. ಮೂರನೇ ಸಾಲಿನಲ್ಲಿ ಎಲ್ಲರೂ ನೋಡುವುದು ಮಂಡಿಗೂ ಮುಂದಿನ ಸೀಟಿಗೂ ನಡುವೆ ಜಾಗ ಇದೆಯಾ ಅಂತ. ನಾನು ಮೊದಲು ನೋಡುವುದು ನೆಲದಿಂದ ಸೀಟು ಎಷ್ಟು ಎತ್ತರ ಇದೆ ಅಂತ. ಮನೆಯ ಊಟದ ಕುರ್ಚಿ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರ ಇರುತ್ತದೆ. ಅದರಲ್ಲಿ ಕೂತರೆ ತೊಡೆ ಪೂರ್ತಿ ಸೀಟಿನ ಮೇಲೆ ಮಲಗುತ್ತದೆ, ಮೈಭಾರ ತೊಡೆಗೂ ಪೃಷ್ಠಕ್ಕೂ ಹಂಚಿಹೋಗುತ್ತದೆ. ಅದೇ ಮಣೆಯ ಮೇಲೆ ಕೂತು ನೋಡಿ. ಮಂಡಿ ಮೇಲೆ ಏಳುತ್ತದೆ, ತೊಡೆ ಗಾಳಿಯಲ್ಲಿ ನಿಲ್ಲುತ್ತದೆ, ಭಾರವೆಲ್ಲ ಬೆನ್ನಿನ ಕೆಳಭಾಗಕ್ಕೆ ಬೀಳುತ್ತದೆ. ಎಷ್ಟೋ ಎಸ್‌ಯುವಿಗಳ ಮೂರನೇ ಸಾಲು ಈ ಮಣೆಯ ಹಾಗೆ. ಮಂಡಿಯ ಮುಂದೆ ಒಂದು ಮುಷ್ಟಿ ಜಾಗ ಇದ್ದರೂ ಅರ್ಧ ಗಂಟೆಗೆ ಸೊಂಟ ಹಿಡಿಯುತ್ತದೆ.

ಹೀಗೇಕೆ ಅಂದರೆ ಗಾಡಿಯ ಅಡಿಗೆ ಬಗ್ಗಿ ನೋಡಬೇಕು. ಸ್ಕಾರ್ಪಿಯೋ-ಎನ್, ಫಾರ್ಚೂನರ್ ಥರದ ಗಾಡಿಗಳಿಗೆ ಲಾರಿಯ ಹಾಗೆ ಬೇರೆಯೇ ಚಾಸಿ, ಅಂದರೆ ಅಡಿಯಲ್ಲಿ ಕಬ್ಬಿಣದ ಚೌಕಟ್ಟು ಇರುತ್ತದೆ. ಎಂಜಿನ್ ಶಕ್ತಿ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದೆ ಕ್ರೌನ್ (ಶಾಫ್ಟಿನ ಶಕ್ತಿಯನ್ನು ಚಕ್ರಗಳಿಗೆ ತಿರುಗಿಸುವ ಗೇರು), ಅದರ ಹೌಸಿಂಗ್, ಅದು ಮೇಲೆ ಕೆಳಗೆ ಆಡಲು ಜಾಗ, ಅದರ ಹಿಂದೆ ಸ್ಟೆಪ್ನಿ. ಇವೆಲ್ಲದರ ಮೇಲೆ ನೆಲ ಹಾಕಬೇಕು. ಹಾಗಾಗಿ ಹಿಂದೆ ನೆಲವೇ ಎತ್ತರಕ್ಕೆ ಬರುತ್ತದೆ. ಮೇಲೆ ಟಾಪು ಇದ್ದಲ್ಲೇ ಇದೆ. ತಲೆ ತಾಗಬಾರದು ಅಂದರೆ ಸೀಟನ್ನು ಇಳಿಸಲೇಬೇಕು. ಸೀಟು ಇಳಿಯಿತು, ನೆಲ ಏರಿತು, ಮಂಡಿ ಎದೆಗೆ ಬಂತು. ಎರ್ಟಿಗಾ, ಕಿಯಾ ಕ್ಯಾರೆನ್ಸ್, ಇನ್ನೋವಾ ಹೈಕ್ರಾಸ್ ಇವುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು. ಹಿಂದಕ್ಕೆ ಶಾಫ್ಟ್ ಇಲ್ಲ, ಕ್ರೌನ್ ಇಲ್ಲ. ನೆಲವನ್ನು ಕೆಳಗಿಡಲು ಆಗುತ್ತದೆ.

ಆದರೆ ಮುಂದಿನ ಚಕ್ರ ಎಳೆದರೆ ಸಾಕು, ಮೂರನೇ ಸಾಲು ಒಳ್ಳೆಯದು ಅನ್ನುವ ಹಾಗೂ ಇಲ್ಲ. ಸಫಾರಿ, ಎಕ್ಸ್‌ಯುವಿ700, ಹ್ಯುಂಡೈ ಅಲ್ಕಜಾರ್ ಮೂರೂ ಬೇರೆ ಚಾಸಿ ಇಲ್ಲದ ಗಾಡಿಗಳೇ. ಅವುಗಳ ಮೈಕಟ್ಟು ಮಾತ್ರ ಎಸ್‌ಯುವಿಯದು, ನೆಲ ಎತ್ತರ, ಹಿಂದಿನ ಚಕ್ರದ ಗೂಡು ದೊಡ್ಡದು. ಇನ್ನೊಂದು ಕಡೆ ಇನ್ನೋವಾ ಕ್ರಿಸ್ಟಾ ನೋಡಿ. ಅದಕ್ಕೆ ಚಾಸಿ ಇದೆ, ಹಿಂದಿನ ಚಕ್ರವೇ ಎಳೆಯುತ್ತದೆ, ಆದರೂ ಮೂರನೇ ಸಾಲು ಒಳ್ಳೆಯದು. ಯಾಕೆಂದರೆ ಮೊದಲ ಗೆರೆ ಎಳೆಯುವಾಗಲೇ ಅದನ್ನು ಜನ ಸಾಗಿಸುವ ಗಾಡಿ ಅಂತ ಯೋಚಿಸಿ ಮಾಡಿದ್ದಾರೆ. ಎಸ್‌ಯುವಿ, ಎಂಪಿವಿ ಅನ್ನುವ ಹೆಸರಿಗಿಂತ, ಮೂರನೇ ಸಾಲನ್ನು ಮೊದಲೇ ಲೆಕ್ಕಕ್ಕೆ ತಗೊಂಡಿದ್ದಾರಾ, ಆಮೇಲೆ ಸೇರಿಸಿದ್ದಾರಾ ಅನ್ನುವುದನ್ನು ನೋಡಿ. ಅಲ್ಕಜಾರ್ ಅನ್ನು ಐದು ಸೀಟಿನ ಕ್ರೆಟಾದಿಂದ ಬೆಳೆಸಿದ್ದು, ಸಫಾರಿಯನ್ನು ಐದು ಸೀಟಿನ ಹ್ಯಾರಿಯರ್‌ನಿಂದ. ಅದು ಕೂತಾಗ ಗೊತ್ತಾಗುತ್ತದೆ.

ಈಗ ನೀವು ಶೋರೂಮಿಗೆ ಹೋಗಿ ಮಾಡಬೇಕಾದ್ದು. ಒಂದು ಟೇಪು ಇಟ್ಟುಕೊಳ್ಳಿ, ಟೈಲರ್ ಟೇಪು ಆದರೂ ಸಾಕು. ಮನೆಯ ಏಳೂ ಜನ ಹೋಗಿ. ಭಾನುವಾರ ಗಲಾಟೆ ಜಾಸ್ತಿ, ವಾರದ ನಡುವೆ ಮಧ್ಯಾಹ್ನ ಹೋದರೆ ಒಳ್ಳೆಯದು. ಬಿಸಿಲಿನ ಹೊತ್ತಿಗೇ ಹೋಗಿ ಅನ್ನುವುದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ಡ್ರೈವರ್ ಸೀಟನ್ನು ನೀವು ನಿಜವಾಗಿ ಓಡಿಸುವ ಜಾಗಕ್ಕೆ ತನ್ನಿ. ಶೋರೂಮಿನಲ್ಲಿ ಮುಂದಿನ ಸೀಟುಗಳನ್ನು ಪೂರ್ತಿ ಮುಂದಕ್ಕೆ ಎಳೆದಿಟ್ಟಿರುತ್ತಾರೆ, ಹಿಂದೆ ಜಾಗ ದೊಡ್ಡದಾಗಿ ಕಾಣಲಿ ಅಂತ. ಆಮೇಲೆ ಎರಡನೇ ಸಾಲಿನಲ್ಲಿ ಕೂರುವವರು ಕೂರಲಿ. ಅವರು ಆರಾಮ ಅಂದ ಮೇಲೆ ಮೂರನೇ ಸಾಲಿಗೆ ಹೋಗಿ. ಕ್ರಮ ತಪ್ಪಬಾರದು. ಎರ್ಟಿಗಾ, ಕ್ಯಾರೆನ್ಸ್, ಹೈಕ್ರಾಸ್, ರೆನೋ ಟ್ರೈಬರ್ ಇವುಗಳಲ್ಲಿ ಎರಡನೇ ಸಾಲು ಹಿಂದೆ ಮುಂದೆ ಜಾರುತ್ತದೆ. ಅಂದರೆ ಜಾಗವನ್ನು ಎರಡೂ ಸಾಲಿನವರು ಹಂಚಿಕೊಳ್ಳಬಹುದು, ಒಂದು ಕುಟುಂಬಕ್ಕೆ ಇದು ದೊಡ್ಡ ಅನುಕೂಲ. ಸ್ಕಾರ್ಪಿಯೋ-ಎನ್ 2022ರಲ್ಲಿ ಬಂದಾಗ ಅದರ ಎರಡನೇ ಸಾಲು ಜಾರುತ್ತಿರಲಿಲ್ಲ. ಅಂಥ ಗಾಡಿಯಲ್ಲಿ ಹಿಂದಿನವರಿಗೆ ಸಿಕ್ಕಷ್ಟೇ ಜಾಗ, ಯಾರೂ ಬಿಟ್ಟುಕೊಡಲು ಆಗುವುದಿಲ್ಲ.

ಮೂರನೇ ಸಾಲಿನಲ್ಲಿ ನೆಲದಿಂದ ಸೀಟಿನ ಮುಂದಿನ ಅಂಚಿನವರೆಗೆ ಅಳೆಯಿರಿ. ನನ್ನ ಅನುಭವದಲ್ಲಿ 30 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ದೊಡ್ಡವರಿಗೆ ಅದು ದೂರದ ದಾರಿಯ ಸೀಟಲ್ಲ. ಕೂತವರ ತೊಡೆಯ ಕೆಳಗೆ, ಮಂಡಿಯ ಹತ್ತಿರ ಕೈ ತೂರಿಸಿ ನೋಡಿ. ಕೈ ಸಲೀಸಾಗಿ ಹೋದರೆ ತೊಡೆಗೆ ಆಸರೆ ಇಲ್ಲ ಅಂತ ಅರ್ಥ. ಆಮೇಲೆ ಪಾದ. ಎರಡನೇ ಸಾಲಿನ ಸೀಟಿನ ಅಡಿಗೆ ಚಪ್ಪಲಿ ಸಮೇತ ಪಾದ ಹೋಗಬೇಕು. ಪಾದ ಮುಂದಕ್ಕೆ ಹೋದರೆ ಮಂಡಿ ತಾನಾಗಿ ಇಳಿಯುತ್ತದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಇನ್ನು ತಲೆಯ ಮೇಲೆ ನಾಲ್ಕು ಬೆರಳಾದರೂ ಜಾಗ ಇರಲಿ. ನಮ್ಮ ಕಡೆ ಹಳ್ಳಿ ರಸ್ತೆಯಲ್ಲಿ ಹಂಪುಗಳಿಗೆ ಬಣ್ಣ ಇರುವುದಿಲ್ಲ, ಕುಳಿತವರು ಎಗರುತ್ತಾರೆ.

ಹೀಗೆ ಅಳೆದು ಹತ್ತು ನಿಮಿಷ ಅಲ್ಲೇ ಕೂತಿರಿ. ಒಂದು ನಿಮಿಷಕ್ಕೆ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ.

ಹತ್ತುವುದು ಇಳಿಯುವುದು ಇದಕ್ಕಿಂತ ಕಡಿಮೆ ವಿಷಯ ಅಲ್ಲ. ಇಲ್ಲಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹಿರಿಯೂರಿನಲ್ಲಿ ತಿಂಡಿ, ಶಿರಾ ಹತ್ತಿರ ಒಂದು ಸಲ, ತುಮಕೂರು ದಾಟಿ ಇನ್ನೊಂದು ಸಲ ಅಂತ ಮೂರು ಕಡೆ ನಿಂತರೆ ಹಿಂದಿನವರು ಹೋಗುವಾಗಲೇ ನಾಲ್ಕು ಸಲ ಹತ್ತಬೇಕು, ನಾಲ್ಕು ಸಲ ಇಳಿಯಬೇಕು. ಎರಡನೇ ಸಾಲಿನ ಸೀಟು ಮಡಚಿ ಮುಂದಕ್ಕೆ ಉರುಳಿದಾಗ ಬಾಗಿಲ ಚೌಕಟ್ಟಿಗೂ ಸೀಟಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ನೋಡಿ. ಸೀರೆ ಉಟ್ಟವರು ಹತ್ತಿ ನೋಡಲಿ. ಚೂಡಿದಾರದಲ್ಲಿ ಸುಲಭವಾದದ್ದು ಸೀರೆಯಲ್ಲಿ ಸುಲಭ ಇರುವುದಿಲ್ಲ. ಸೀಟು ಮಡಚುವ ಲಿವರ್ ಎಳೆಯಲು ಎಷ್ಟು ಬಲ ಬೇಕು ಅಂತ ಅತ್ತೆಯವರ ಕೈಯಲ್ಲೇ ಎಳೆಸಿ ನೋಡಿ. ಕ್ಯಾರೆನ್ಸ್‌ನಲ್ಲಿ ಬಟನ್ ಒತ್ತಿದರೆ ಎಡಗಡೆಯ ಸೀಟು ತಾನೇ ಮಡಚಿ ಉರುಳುವ ವ್ಯವಸ್ಥೆ ಇದೆ. ವಯಸ್ಸಾದವರಿರುವ ಮನೆಗೆ ಅದು ಸಣ್ಣ ಅನುಕೂಲ ಅಲ್ಲ.

ನಡುವೆ ಎರಡೇ ಬಿಡಿ ಸೀಟು ಇರುವ ಗಾಡಿಗಳಲ್ಲಿ ಮಧ್ಯದ ದಾರಿಯಿಂದ ಹಿಂದಕ್ಕೆ ನಡೆದು ಹೋಗಬಹುದು. ಆದರೆ ಅಂಥವು ಹೆಚ್ಚಿನವು ಆರು ಸೀಟಿನವು. ನಿಮ್ಮದು ಏಳು ಜನ. ಹಾಗಾಗಿ ಮಾರುತಿಯ ಆರು ಸೀಟಿನ ಎಕ್ಸ್‌ಎಲ್6 ಥರದ ಗಾಡಿ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಸಾಮಾನಿನ ವಿಷಯ. ಊರಿಗೆ ಹೋಗುವಾಗ ಬ್ಯಾಗು, ಬರುವಾಗ ಅಕ್ಕಿ, ತೆಂಗಿನಕಾಯಿ, ಅಡಿಕೆ. ಹೊಳಲ್ಕೆರೆ ಕಡೆಯಿಂದ ಬರಿಗೈಯಲ್ಲಿ ಯಾರೂ ಬರುವುದಿಲ್ಲ ಅಲ್ವಾ? 25 ಕೆಜಿಯ ಒಂದು ಅಕ್ಕಿ ಚೀಲ ಸುಮಾರು 30 ಲೀಟರ್ ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಏಳೂ ಜನ ಕೂತಾಗ ಸಫಾರಿಯ 73 ಲೀಟರಿನಲ್ಲಿ, ಟ್ರೈಬರ್‌ನ 84 ಲೀಟರಿನಲ್ಲಿ ಎರಡು ಚೀಲ. ಅಲ್ಕಜಾರ್ 180, ಎರ್ಟಿಗಾ 209, ಕ್ಯಾರೆನ್ಸ್ 216. ಇನ್ನೋವಾ ಹೈಕ್ರಾಸ್ ಸುಮಾರು 300. ಎರ್ಟಿಗಾ ಸಿಎನ್‌ಜಿ ತಗೊಂಡರೆ ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ. ಮೂರನೇ ಸಾಲು ಉಳಿಯುತ್ತದೆ, ಸಾಮಾನಿಗೆ ಜಾಗ ಉಳಿಯುವುದಿಲ್ಲ. ಏಳು ಜನ ಇರುವ ಮನೆಗೆ ಸಿಎನ್‌ಜಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಟಾಪಿನ ಮೇಲೆ ಕ್ಯಾರಿಯರ್ ಹಾಕಿಸುತ್ತೇವೆ ಅನ್ನುವವರು ಇದ್ದಾರೆ. ಎಷ್ಟು ಭಾರ ಹಾಕಬಹುದು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ. ಮೇಲೆ ಭಾರ ಇದ್ದರೆ ಘಾಟಿಯ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ.

ಘಾಟಿ ಅಂದಾಗ ವಾಂತಿಯ ಮಾತು ಬರಲೇಬೇಕು. ಮೂರನೇ ಸಾಲು ಇರುವುದು ಹಿಂದಿನ ಚಕ್ರದ ಮೇಲೆ ಅಥವಾ ಅದರ ಹಿಂದೆ. ಏತದ ಮರದ ತುದಿ ಮಧ್ಯಕ್ಕಿಂತ ಹೆಚ್ಚು ಏರಿಳಿಯುತ್ತದಲ್ಲ, ಹಾಗೆ ಗಾಡಿಯ ತುದಿಯಲ್ಲಿ ಕೂತವರು ಜಾಸ್ತಿ ಕುಲುಕುತ್ತಾರೆ. ಪಕ್ಕದ ಗಾಜು ಇಳಿಯುವುದಿಲ್ಲ. ಮುಂದಿನ ಸೀಟು ಎತ್ತರ ಇದ್ದರೆ ದಾರಿ ಕಾಣುವುದಿಲ್ಲ. ಕಣ್ಣಿಗೆ ಕಾಣದ ತಿರುವು ಮೈಗೆ ಮಾತ್ರ ತಿಳಿದರೆ ಹೊಟ್ಟೆ ತೊಳಸುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಹಿಂದಿನ ಮಕ್ಕಳು ಬಿಳಿಚಿಕೊಳ್ಳುವುದಕ್ಕೆ ಇದೇ ಕಾರಣ. ಹಾಗಾಗಿ ಮೂರನೇ ಸಾಲಿನಿಂದ ಮುಂದಿನ ಗಾಜು ಕಾಣುತ್ತದಾ, ಪಕ್ಕದ ಕಿಟಕಿ ಎಷ್ಟು ದೊಡ್ಡದು ಅಂತ ನೋಡಿ. ಧರ್ಮಸ್ಥಳಕ್ಕೆ ಹೋಗುವಾಗ ಘಾಟಿ ಶುರುವಾಗುವ ಮೊದಲು ಜಾಗ ಬದಲಿಸಿಕೊಳ್ಳಿ. ವಾಂತಿ ಆಗುವವರು ಮುಂದೆ ಬರಲಿ.

ಮಧ್ಯಾಹ್ನ ಹೋಗಿ ಅಂದಿದ್ದು ಏಸಿಗೋಸ್ಕರ. ಹಿಂದಿನವರಿಗೆ ಬೇರೆ ವೆಂಟ್ ಇದೆಯಾ, ಇದ್ದರೆ ಎಲ್ಲಿದೆ, ಫ್ಯಾನಿನ ವೇಗ ಅವರೇ ಹೆಚ್ಚು ಕಡಿಮೆ ಮಾಡಬಹುದಾ ಅಂತ ನೋಡಿ. ಬಿಸಿಲಲ್ಲಿ ನಿಂತ ಗಾಡಿಯನ್ನೇ ಟೆಸ್ಟ್ ಡ್ರೈವ್‌ಗೆ ಕೇಳಿ. ಗಾಡಿ ಹೊರಟು ಎಷ್ಟು ಹೊತ್ತಿಗೆ ಹಿಂದೆ ತಂಪಾಯಿತು ಅಂತ ಹಿಂದೆ ಕೂತವರನ್ನು ಕೇಳಿ. ನಮ್ಮ ಏಪ್ರಿಲ್ ಮೇ ತಿಂಗಳಿನ ಬಿಸಿಲಿಗೆ, ಚಿತ್ರದುರ್ಗ ಹಿರಿಯೂರು ನಡುವಿನ ಬಯಲಿನಲ್ಲಿ, ಇದು ಸೀಟಿನಷ್ಟೇ ಮುಖ್ಯ. ಪಿ.ಬಿ. ರೋಡಿನಲ್ಲಿ ಒಂದು ಸುತ್ತು ಹಾಕಿ ವಾಪಸ್ ಬರಬೇಡಿ. ಹೈವೇ ಬಿಟ್ಟು ಯಾವುದಾದರೂ ಹಳ್ಳಿ ರಸ್ತೆಗೆ ಇಳಿಸಿ. ಆ ಹೊತ್ತಿನಲ್ಲಿ ನೀವು ಡ್ರೈವರ್ ಸೀಟಿನಲ್ಲಿ ಇರಬೇಡಿ, ಹಿಂದೆ ಕೂತಿರಿ. ಓಡಿಸಿ ನೋಡುವುದು ಆಮೇಲೆ ಆಗುತ್ತದೆ.

ಬೆಲ್ಟಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬೊಲೆರೋದಂಥ ಕೆಲವು ಗಾಡಿಗಳಲ್ಲಿ ಹಿಂದೆ ಎದುರು ಬದುರು ಕೂರುವ ಅಡ್ಡ ಸೀಟು ಇರುತ್ತದೆ. ಮಂಡಿಗೆ ಜಾಗ ಧಾರಾಳ, ಮಕ್ಕಳಿಗೆ ಆಟದ ಹಾಗೆ ಖುಷಿ. ಆದರೆ ಬ್ರೇಕ್ ಬಿಗಿದಾಗ ಮೈ ಪಕ್ಕಕ್ಕೆ ಎಸೆಯುತ್ತದೆ. ಹಿಡಿಯಲು ಭುಜದ ಬೆಲ್ಟ್ ಇಲ್ಲ. ಮಕ್ಕಳನ್ನು ಅಲ್ಲಿ ಕೂರಿಸಿ ಹೈವೇಗೆ ಹೋಗಬೇಡಿ. ಮುಂದಕ್ಕೆ ಮುಖ ಮಾಡಿದ ಸೀಟೇ ಬೇಕು, ಅದಕ್ಕೆ ಭುಜದಿಂದ ಬರುವ ಬೆಲ್ಟ್ ಬೇಕು, ಮೇಲಕ್ಕೆ ಎಳೆಯಬಹುದಾದ ಹೆಡ್‌ರೆಸ್ಟ್ ಬೇಕು. ಹಿಂದೆ ಕೂತವರ ತಲೆಗೂ ಹಿಂದಿನ ಗಾಜಿಗೂ ನಡುವೆ ಎಷ್ಟು ಅಂತರ ಇದೆ ಅಂತಲೂ ನೋಡಿ. ಪಕ್ಕದ ಕಿಟಕಿಯ ಮೇಲೆ ಪರದೆಯ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೆ ಬರುತ್ತದಾ ಅಂತ ಕೇಳಿ, ಎಲ್ಲದರಲ್ಲೂ ಬರುವುದಿಲ್ಲ. ಕ್ರ್ಯಾಶ್ ಟೆಸ್ಟಿನಲ್ಲಿ ಐದು ಸ್ಟಾರ್ ಬಂದಿದೆಯಲ್ಲ ಅಂತ ಸುಮ್ಮನಾಗಬೇಡಿ. ಆ ಪರೀಕ್ಷೆಯಲ್ಲಿ ದೊಡ್ಡವರ ಗೊಂಬೆ ಕೂರುವುದು ಮುಂದೆ, ಮಕ್ಕಳ ಗೊಂಬೆ ಅವರ ಹಿಂದಿನ ಸಾಲಿನಲ್ಲಿ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅಂತ ಕಾನೂನಿದೆ, ತಪ್ಪಿದರೆ 1000 ರೂಪಾಯಿ ದಂಡ. ದಂಡಕ್ಕೆ ಹೆದರಿ ಅಂತ ಹೇಳುತ್ತಿಲ್ಲ. ಆಕ್ಸಿಡೆಂಟ್ ಆದ ಗಾಡಿಗಳ ಸೀಟು ರಿಪೇರಿಗೆ ನನ್ನ ಅಂಗಡಿಗೆ ಬರುತ್ತವೆ. ಹಿಂದಿನವರು ಬೆಲ್ಟ್ ಹಾಕದೆ ಮುಂದಿನ ಸೀಟಿಗೆ ಬಡಿದು ಆ ಸೀಟಿನ ಕಬ್ಬಿಣವೇ ಬಾಗಿದ್ದನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ.

ಇನ್ನು ನಿಮ್ಮ ಮನೆಯ ಲೆಕ್ಕ. ಅಪ್ಪ ಮುಂದೆ, ನಿಮ್ಮ ಪಕ್ಕ. ಮಂಡಿ ನೋವಿನವರಿಗೆ ತೀರಾ ತಗ್ಗಿನ ಸೀಟೂ ಕಷ್ಟ, ತೀರಾ ಎತ್ತರದ ಮೆಟ್ಟಿಲೂ ಕಷ್ಟ. ನಿಂತವರ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಸೀಟು ಇದ್ದರೆ ತಿರುಗಿ ಕೂತರೆ ಸಾಕು. ಎರ್ಟಿಗಾ, ಕ್ಯಾರೆನ್ಸ್ ಈ ವಿಷಯದಲ್ಲಿ ಅನುಕೂಲ. ಎತ್ತರದ ಎಸ್‌ಯುವಿಗೆ ಹತ್ತಲು ಕಾಲು ಎತ್ತಿಡಬೇಕು, ನೋಯುವ ಮಂಡಿಯ ಮೇಲೆ ಮೈಭಾರ ಬೀಳುತ್ತದೆ. ಅವ್ವ ಮತ್ತು ಅತ್ತೆ ಎರಡನೇ ಸಾಲಿನಲ್ಲಿ, ಜೊತೆಗೆ ಮಗಳು. ಉಳಿದವರು ನಿಮ್ಮ ಹೆಂಡತಿ ಮತ್ತು ಮಗ. ಅಂದರೆ ಮೂರನೇ ಸಾಲು ಅವರಿಬ್ಬರದು. ಮಗನಿಗೆ 14. ಇನ್ನು ಮೂರು ವರ್ಷಕ್ಕೆ ಅವನು ನಿಮ್ಮಷ್ಟು ಎತ್ತರ ಆಗುತ್ತಾನೆ, ಗಾಡಿ ಹತ್ತು ವರ್ಷ ಇರುತ್ತದೆ. ‘ಮೂರನೇ ಸಾಲು ಮಕ್ಕಳಿಗೆ ಸಾಕು’ ಅನ್ನುವ ಮಾತು ನಿಮ್ಮ ಮನೆಗೆ ಹೊಂದುವುದಿಲ್ಲ. ನಿಮಗೆ ಬೇಕಾದ್ದು ದೊಡ್ಡವರು ಕೂರುವ ಮೂರನೇ ಸಾಲು. ನಿಮ್ಮ ಪತ್ರದಲ್ಲಿ ಹೆಂಡತಿಯವರಿಗೆ ಯಾವ ಗಾಡಿ ಇಷ್ಟ ಅಂತ ಎಲ್ಲೂ ಇಲ್ಲ. ದಯವಿಟ್ಟು ಕೇಳಿ. ತಿಂಗಳಿಗೆ ಎರಡು ಸಲ ಹಿಂದೆ ಕೂರುವವರು ಅವರು.

ಹಾಗಾಗಿ ನನ್ನ ಸಲಹೆ ಹೀಗೆ. ಹೊಸದು ತಗೊಳ್ಳುವುದಾದರೆ ಮೊದಲು ಕ್ಯಾರೆನ್ಸ್ ಮತ್ತು ಎರ್ಟಿಗಾ ಎರಡರಲ್ಲೂ ಎಲ್ಲರೂ ಕೂತು ನೋಡಿ. ಕ್ಯಾರೆನ್ಸ್‌ನ ವೀಲ್‌ಬೇಸ್ 2780, ಅಗಲ 1800. ಎರ್ಟಿಗಾದ ಅಗಲ 1735. ಎರಡನೇ ಸಾಲಿನಲ್ಲಿ ಮೂರು ಜನ ಕೂರುವಾಗ ಆ ಆರೂವರೆ ಸೆಂಟಿಮೀಟರ್ ಭುಜಕ್ಕೆ ತಿಳಿಯುತ್ತದೆ. ಮೂರನೇ ಸಾಲಿನ ತೊಡೆಯ ಆಸರೆಗೆ ಎರಡೂ ಒಳ್ಳೆಯವೇ, ನಿಮ್ಮ ಮಗನ ಎತ್ತರಕ್ಕೆ ಯಾವುದು ಹೊಂದುತ್ತದೆ ಅಂತ ಅವನೇ ಹೇಳಬೇಕು. ಹಳೆಯದಾದರೂ ಆಗಬಹುದು ಅಂದರೆ ಚೆನ್ನಾಗಿ ಇಟ್ಟುಕೊಂಡ ಕ್ರಿಸ್ಟಾ ನೋಡಿ. ದೂರದ ದಾರಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ. ಆದರೆ ಅಪ್ಪ ಹತ್ತಲು ಮೆಟ್ಟಿಲು ಎತ್ತರ, ಅದಕ್ಕೆ ಸೈಡ್ ಸ್ಟೆಪ್ ಬೇಕಾಗುತ್ತದೆ. ಹೈಕ್ರಾಸ್‌ನ ವೀಲ್‌ಬೇಸ್ 2850, ಕ್ರಿಸ್ಟಾಗಿಂತ ಹತ್ತು ಸೆಂಟಿಮೀಟರ್ ಜಾಸ್ತಿ, ನೆಲವೂ ತಗ್ಗು. ಮೂರನೇ ಸಾಲಿಗೆ ಅದು ತುಂಬಾ ಒಳ್ಳೆಯ ಗಾಡಿ, ಬೆಲೆಯೂ ಹಾಗೇ ಇದೆ. ಟ್ರೈಬರ್ ನಾಲ್ಕು ಮೀಟರಿನೊಳಗೆ ಏಳು ಸೀಟು ಕೊಟ್ಟಿರುವುದು ದೊಡ್ಡ ಜಾಣತನ, ಹಿಂದಿನ ಸೀಟು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಬಹುದು. ಆದರೆ ಏಳು ಜನ ತುಂಬಿಕೊಂಡು ಘಾಟಿ ಹತ್ತಲು ಒಂದು ಲೀಟರಿನ ಎಂಜಿನ್ ಕಷ್ಟಪಡುತ್ತದೆ.

ನಿಮಗೆ ಎಸ್‌ಯುವಿ ಇಷ್ಟ ಅನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ಊರಿನ ಹತ್ತಿರ ಮಳೆಗಾಲದಲ್ಲಿ ಗಾಡಿ ಅಡಿ ತಾಗುವಂಥ ರಸ್ತೆ ಇದ್ದರೆ, ಏಳು ಜನ ಒಟ್ಟಿಗೆ ಹೋಗುವುದು ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಇದ್ದರೆ, ಎಸ್‌ಯುವಿ ತಗೊಂಡು ದೂರದ ದಾರಿಗೆ ಮಾತ್ರ ಬಾಡಿಗೆಗೆ ಇನ್ನೋವಾ ಮಾಡಿ ಅನ್ನುತ್ತಿದ್ದೆ. ನಿಮ್ಮದು ತಿಂಗಳಿಗೆ ಎರಡು ಸಲ. ಅಂದರೆ ವರ್ಷಕ್ಕೆ 24 ಸಲ ಹೋಗಿ ಬರುವುದು, 60 ಗಂಟೆ. ಆ 60 ಗಂಟೆ ಇಬ್ಬರು ಹಿಂದೆ ಕೂತಿರುತ್ತಾರೆ.

ಕೊನೆಗೆ ನನ್ನ ಕೆಲಸದ ಎರಡು ಮಾತು. ಮೂರನೇ ಸಾಲಿನ ಸೀಟು ತಗ್ಗಾಯಿತು, ಫೋಮ್ ಹಾಕಿ ಎತ್ತರಿಸಿ ಕೊಡಿ ಅಂತ ಬಹಳ ಜನ ಬರುತ್ತಾರೆ. ಒಂದು ಇಂಚಿನವರೆಗೆ, ಅದೂ ತೊಡೆಯ ಕಡೆ ಮಾತ್ರ, ಮಾಡಿಕೊಡುತ್ತೇನೆ. ಅದಕ್ಕಿಂತ ಜಾಸ್ತಿ ಏರಿಸಿದರೆ ತಲೆ ಟಾಪಿಗೆ ಹತ್ತಿರ ಬರುತ್ತದೆ, ಹೆಡ್‌ರೆಸ್ಟ್ ಕುತ್ತಿಗೆಗೆ ಇಳಿಯುತ್ತದೆ, ಬೆಲ್ಟ್ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ನಾನು ಆ ಕೆಲಸ ಮಾಡುವುದಿಲ್ಲ. ಫೋಮಿನಿಂದ ಸೀಟು ಮೆತ್ತಗಾಗುತ್ತದೆ, ನೆಲ ಕೆಳಗಿಳಿಯುವುದಿಲ್ಲ.

ಗಾಡಿ ಬುಕ್ ಮಾಡುವಾಗಲೇ ಸೀಟ್ ಕವರ್, ಮ್ಯಾಟ್ ಎಲ್ಲ ಸೇರಿಸಿ ಕೊಡುತ್ತೇವೆ ಅಂತಾರೆ. ಒಂದು ತಿಂಗಳು ತಡೆಯಿರಿ. ದಪ್ಪ ಮ್ಯಾಟ್ ಹಾಕಿದರೆ ಹಿಂದಿನ ನೆಲ ಇನ್ನೂ ಒಂದು ಎರಡು ಸೆಂಟಿಮೀಟರ್ ಏರುತ್ತದೆ. ಎರಡನೇ ಸಾಲಿನ ಸೀಟಿನ ಬೆನ್ನಿಗೆ ಜೇಬಿರುವ ಕವರ್ ಹಾಕಿ ಅದರಲ್ಲಿ ನೀರಿನ ಬಾಟಲಿ ತುಂಬಿದರೆ ಹಿಂದಿನವರ ಮಂಡಿಗೆ ಅದೇ ಒತ್ತುತ್ತದೆ. ಮೊದಲು ಎರಡು ಸಲ ಊರಿಗೆ ಹೋಗಿ ಬನ್ನಿ. ಹಿಂದೆ ಕೂತವರು ಎಲ್ಲಿ ನೋಯುತ್ತದೆ ಅಂತ ಹೇಳಲಿ. ಆಮೇಲೆ ಕವರ್ ಹೊಲಿಸಿ.